ಹೈಡ್ರಾಲಿಕ್ ಕ್ಲಚ್‌ನಿಂದ ಗಾಳಿ ತೆಗೆಯುವ ವಿಧಾನ: ಸಮಗ್ರ ಮಾರ್ಗದರ್ಶಿ

ದೀಪಾವಳಿಗೋ ಬೇಸಿಗೆಯ ರಜೆಗೋ ಪುಣೆಯಿಂದ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳ ಕಡೆಗೆ ಹೊರಡುವ ನಮ್ಮವರ ಕಾರುಗಳು ಕಾತ್ರಜದ ಸುರಂಗ ದಾಟಿ, ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಖಂಬಾಟ್ಕಿ ಘಾಟಿನ ಏರು ಹತ್ತತೊಡಗಿದಾಗ ಕ್ಲಚ್ಚಿನ ನಿಜವಾದ ಸ್ಥಿತಿ ಬಯಲಾಗುತ್ತದೆ. ಮುಂದಿನ ಲಾರಿ ನಿಂತಾಗ ನಿಂತು, ಅದು ತೆವಳಿದಾಗ ತೆವಳುತ್ತ ಸಾಗುವಾಗ ಮತ್ತೆ ಮತ್ತೆ ತುಳಿಸಿಕೊಳ್ಳುವ ಪೆಡಲ್ ಮೆತ್ತಗಾಗಿ, ಗೇರು ಬೀಳುವಾಗ ಕರಕರ ಸದ್ದು ಕೇಳಿಬಂದರೆ, ಮೊದಲು ಅನುಮಾನಿಸಬೇಕಾದದ್ದು ಹೈಡ್ರಾಲಿಕ್ ಪೈಪಿನೊಳಗೆ ಸೇರಿಕೊಂಡ ಗಾಳಿಯನ್ನು. ನನ್ನ ಗಾಡಿಯ ಪೆಡಲ್ ಒಮ್ಮೆ ಅದೇ ಏರಿನಲ್ಲಿ ನೆಲಕ್ಕೆ ಕುಳಿತು ಮೇಲೇಳಲಿಲ್ಲ. ಹೊರಡುವ ನಾಲ್ಕು ದಿನ ಮುಂಚೆಯಷ್ಟೇ ಒಂದು ಗ್ಯಾರೇಜಿನಲ್ಲಿ ಗಾಳಿ ತೆಗೆಸಿದ್ದೆ. ತೆಗೆದವರು ಆ ಕೆಲಸವನ್ನು ಚೆನ್ನಾಗಿಯೇ ಮಾಡಿದ್ದರು. ಆದರೆ ಗಾಳಿ ಒಳಗೆ ಬಂದದ್ದು ಎಲ್ಲಿಂದ ಎಂದು ಅವರೂ ನೋಡಲಿಲ್ಲ, ನಾನೂ ಕೇಳಲಿಲ್ಲ. ದ್ರವದ ಒತ್ತಡದಿಂದ ಕ್ಲಚ್ಚನ್ನು ಬಿಡಿಸುವ ಸ್ಲೇವ್ ಸಿಲಿಂಡರಿನ ರಬ್ಬರು ಸವೆದು ದ್ರವ ಹನಿಹನಿಯಾಗಿ ಸೋರುತ್ತಿತ್ತು. ಅಂದಿನಿಂದ ಈ ಕೆಲಸವನ್ನು ನಾನೇ ಕಲಿತು ಮಾಡುತ್ತ ಬಂದಿದ್ದೇನೆ. ಸೊಸೈಟಿಯ ಪಾರ್ಕಿಂಗಿನಲ್ಲಿ, ಇನ್ನೊಬ್ಬರ ನೆರವಿನಿಂದ, ಒಂದು ಬೆಳಗಿನಲ್ಲಿ ಮುಗಿಯುವ ಕೆಲಸವಿದು. ಅವಸರ ಮಾತ್ರ ಸಲ್ಲದು.

ಆರಂಭಿಸುವ ಮುನ್ನ ನಿಮ್ಮ ವಾಹನದಲ್ಲಿರುವುದು ಹೈಡ್ರಾಲಿಕ್ ಕ್ಲಚ್ಚೇ ಎಂದು ಖಚಿತಪಡಿಸಿಕೊಳ್ಳಿ. ಮಾರುತಿ 800, ಆಲ್ಟೊಗಳಂಥ ಚಿಕ್ಕ ಕಾರುಗಳಲ್ಲಿ ಕ್ಲಚ್ಚನ್ನು ಎಳೆಯುವುದು ಉಕ್ಕಿನ ಕೇಬಲ್. ಅಲ್ಲಿ ಗಾಳಿಯ ಪ್ರಶ್ನೆಯೇ ಬರುವುದಿಲ್ಲ. ಇನ್ನೋವಾ, ಸ್ಕಾರ್ಪಿಯೊಗಳಂಥ ಗಾಡಿಗಳಲ್ಲಿ ಪೆಡಲಿನ ಹಿಂದೆ ದ್ರವವನ್ನು ತಳ್ಳುವ ಮಾಸ್ಟರ್ ಸಿಲಿಂಡರ್, ಗೇರ್ ಬಾಕ್ಸಿನ ಬಳಿ ಸ್ಲೇವ್ ಸಿಲಿಂಡರ್, ಇವೆರಡರ ನಡುವೆ ಲೋಹದ ಕೊಳವೆ ಮತ್ತು ಬಾಗುವ ಹೋಸ್ ಪೈಪ್ ಇರುತ್ತವೆ.

ಸ್ವಲ್ಪ ಗಾಳಿ, ದೊಡ್ಡ ನಷ್ಟ

ದ್ರವವನ್ನು ಅದುಮಿದರೆ ಅದು ಬಹುಮಟ್ಟಿಗೆ ಕುಗ್ಗುವುದಿಲ್ಲ. ಆದ್ದರಿಂದಲೇ ಪಾದದ ಚಲನೆ ಪೂರ್ತಿಯಾಗಿ ಗೇರ್ ಬಾಕ್ಸಿನ ತನಕ ತಲುಪುತ್ತದೆ. ಗಾಳಿ ಹಾಗಲ್ಲ. ಒಂದು ಲೆಕ್ಕ ಮಾಡಿ ನೋಡೋಣ. ಮಾಸ್ಟರ್ ಸಿಲಿಂಡರಿನ ಒಳವ್ಯಾಸ 19 ಮಿ.ಮೀ., ಪಿಸ್ಟನ್ ಚಲಿಸುವ ದೂರ 30 ಮಿ.ಮೀ. ಎಂದಿಟ್ಟುಕೊಂಡರೆ ಒಂದು ಪೂರ್ತಿ ತುಳಿತಕ್ಕೆ ಮುಂದಕ್ಕೆ ಹೋಗುವ ದ್ರವ ಸುಮಾರು 8.5 ಮಿ.ಲೀ. ಮಾತ್ರ. ಕೊಳವೆಯಲ್ಲಿ 2 ಮಿ.ಲೀ. ಗಾಳಿ, ಅಂದರೆ ಅರ್ಧ ಚಹಾ ಚಮಚೆಗಿಂತ ಕಡಿಮೆ ಗಾಳಿ ಇದೆ ಎನ್ನೋಣ. ಒತ್ತಡವು ವಾತಾವರಣದ ಒತ್ತಡಕ್ಕಿಂತ 20 ಪಟ್ಟು ಏರಿದಾಗ ಆ ಗಾಳಿ ತನ್ನ ಮೂಲ ಗಾತ್ರದ ಇಪ್ಪತ್ತನೆಯ ಒಂದು ಭಾಗಕ್ಕೆ ಕುಗ್ಗಿಬಿಡುತ್ತದೆ, ಅಂದರೆ 8.5 ಮಿ.ಲೀ.ನಲ್ಲಿ 1.9 ಮಿ.ಲೀ. ದ್ರವ ಗಾಳಿಯನ್ನು ಕುಗ್ಗಿಸುವುದಕ್ಕೇ ಖರ್ಚಾಯಿತು. ಪೆಡಲಿನ ಸನ್ನೆ 5 ಪಟ್ಟಿನದಾಗಿದ್ದರೆ, ಅಂದರೆ ಪಾದ 5 ಮಿ.ಮೀ. ಸರಿದಾಗ ಪಿಸ್ಟನ್ 1 ಮಿ.ಮೀ. ಸರಿಯುವಂತಿದ್ದರೆ, ನಿಮ್ಮ ಪಾದದಡಿಯಲ್ಲಿ ಮೂರು ಸೆಂಟಿಮೀಟರಿಗೂ ಹೆಚ್ಚಿನ ಚಲನೆ ವ್ಯರ್ಥ. ಕ್ಲಚ್ ಪ್ಲೇಟು ಪೂರ್ತಿ ಬಿಡಿಸಿಕೊಳ್ಳದೆ ಉಜ್ಜುತ್ತಲೇ ಇರುವುದು, ರಿವರ್ಸ್ ಗೇರು ಕರಕರ ಎನ್ನುವುದು ಇದರಿಂದಲೇ. ಕೆಲವೇ ಗುಳ್ಳೆಗಳಿವೆ, ಪರವಾಗಿಲ್ಲ ಎಂದು ಯಾರಾದರೂ ಹೇಳಿದರೆ ಈ ಲೆಕ್ಕ ನೆನಪಿಗೆ ಬರಲಿ.

ಈ ಕೆಲಸದ ಕಷ್ಟವೆಲ್ಲ ಒಂದೇ ಸಂಗತಿಯಲ್ಲಿದೆ. ಗಾಳಿ ಯಾವಾಗಲೂ ಮೇಲಕ್ಕೇರುತ್ತದೆ, ಆದರೆ ಅದನ್ನು ಹೊರಬಿಡುವ ನಿಪ್ಪಲ್ ಇರುವುದು ಕೆಳಗೆ, ಗೇರ್ ಬಾಕ್ಸಿನ ಪಕ್ಕದಲ್ಲಿ. ಮಾಸ್ಟರ್ ಸಿಲಿಂಡರಿಗೆ ದ್ರವ ಒದಗಿಸುವ ಆಯಿಲ್ ಡಬ್ಬಿಯಿಂದ ಕೆಳಕ್ಕೆ ದ್ರವವನ್ನು ತಳ್ಳುತ್ತ ನಾವು ಗುಳ್ಳೆಯನ್ನು ಅದರ ಸ್ವಭಾವಕ್ಕೆ ವಿರುದ್ಧವಾದ ದಿಕ್ಕಿಗೆ ಕರೆದೊಯ್ಯುತ್ತಿದ್ದೇವೆ. ಮುಂದೆ ಬರುವ ಪ್ರತಿಯೊಂದು ಹಂತಕ್ಕೂ, ಪ್ರತಿಯೊಂದು ಎಚ್ಚರಿಕೆಗೂ ಇದೇ ಕಾರಣ.

ರೋಗ ಯಾವುದೆಂದು ಮೊದಲು ತಿಳಿಯಿರಿ

ಎಂಜಿನ್ ಆರಿಸಿ ಪೆಡಲನ್ನು ಒಮ್ಮೆ ತುಳಿದು ಅದರ ಗಟ್ಟಿತನವನ್ನು ಗಮನಿಸಿ. ಅನಂತರ ಬೇಗಬೇಗನೆ ಆರೇಳು ಸಲ ತುಳಿಯಿರಿ. ಪ್ರತಿ ಸಲವೂ ಪೆಡಲ್ ಮೇಲಿನಿಂದಲೇ ಹಿಡಿಯುತ್ತ ಗಟ್ಟಿಯಾಗುತ್ತ ಹೋಗಿ, ಸ್ವಲ್ಪ ಹೊತ್ತು ಬಿಟ್ಟ ಮೇಲೆ ಮತ್ತೆ ಮೆತ್ತಗಾದರೆ ಒಳಗೆ ಗಾಳಿಯಿರುವ ಸಂಭವ ಬಹಳ. ಈಗ ಪೆಡಲನ್ನು ತುಳಿದು ಒಂದು ನಿಮಿಷ ಹಾಗೆಯೇ ಹಿಡಿದಿಡಿ. ಎಲ್ಲಿಯೂ ಹೊರಗೆ ಸೋರಿಕೆಯಿಲ್ಲದೆ ಪಾದ ನಿಧಾನವಾಗಿ ಕೆಳಗಿಳಿಯುತ್ತ ಹೋದರೆ ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರು ದ್ರವವನ್ನು ಹಿಂದಕ್ಕೆ ಬಿಡುತ್ತಿದೆ ಎಂದರ್ಥ. ಅದಕ್ಕೆ ಗಾಳಿ ತೆಗೆಯುವುದು ಮದ್ದಲ್ಲ. ಎಂಜಿನ್ನಿನ ವೇಗ ಏರಿದರೂ ಗಾಡಿ ಮುಂದೆ ಹೋಗದಿದ್ದರೆ ಅದು ಪ್ಲೇಟು ಜಾರುವ ಲಕ್ಷಣ, ಅದೂ ಬೇರೆಯದೇ ಕಾಯಿಲೆ. ತಣ್ಣಗಿದ್ದಾಗ ಸರಿಯಿದ್ದು, ಘಾಟಿಯಲ್ಲೋ ಹಿಂಜವಡಿಯ ಸಂಜೆಯ ದಟ್ಟಣೆಯಲ್ಲೋ ಎಂಜಿನ್ ಕಾದ ಮೇಲೆ ಮಾತ್ರ ಮೆತ್ತಗಾಗಿ, ಮರುದಿನ ತಾನಾಗಿಯೇ ಸರಿಹೋಗುವ ಪೆಡಲು ಬೇರೊಂದು ಕಥೆಯನ್ನು ಹೇಳುತ್ತದೆ. ದ್ರವದೊಳಗೆ ಸೇರಿದ ನೀರಿನಂಶ ಸೈಲೆನ್ಸರಿನ ಬಿಸಿಗೆ ಆವಿಯಾಗುತ್ತಿರಬಹುದು. ಆಗ ದ್ರವವನ್ನೆಲ್ಲ ಪೂರ್ತಿ ಬದಲಿಸಬೇಕು.

ಮುಂದಿನದು ಸೋರಿಕೆಯ ಹುಡುಕಾಟ. ನನ್ನನ್ನು ಘಾಟಿಯ ಮಧ್ಯೆ ನಿಲ್ಲಿಸಿದ್ದು ಈ ಹಂತವನ್ನು ಬಿಟ್ಟದ್ದೇ ಆದ್ದರಿಂದ ಇದನ್ನು ದಯವಿಟ್ಟು ಬಿಡಬೇಡಿ. ಚಾಲಕನ ಕಾಲಡಿಯ ಮ್ಯಾಟ್ ತೆಗೆದು, ಪೆಡಲಿನ ಕಡ್ಡಿ ಎಂಜಿನ್ ಕಡೆಯ ಗೋಡೆಯೊಳಗೆ ಹೋಗುವ ಜಾಗವನ್ನು ಟಾರ್ಚ್ ಹಾಕಿ ನೋಡಿ. ಅಲ್ಲಿ ಒದ್ದೆಯಿದ್ದರೆ ಅಥವಾ ಬಣ್ಣ ಉಬ್ಬಿ ಸುಲಿದಿದ್ದರೆ ಮಾಸ್ಟರ್ ಸಿಲಿಂಡರ್ ಸೋರುತ್ತಿದೆ. ಸ್ಲೇವ್ ಸಿಲಿಂಡರ್ ಹೊರಗಡೆ ಇರುವ ಗಾಡಿಯಾದರೆ ಅದರ ತುದಿಯ ರಬ್ಬರ್ ಬೂಟನ್ನು ಮೆಲ್ಲಗೆ ಎತ್ತಿ ಬೆರಳಾಡಿಸಿ. ಒಳಗೆ ಒಣಗಿರಬೇಕು. ಹೋಸ್ ಪೈಪು ಬಿರುಕು ಬಿಟ್ಟಿದೆಯೇ ನೋಡಿ, ಸಹಾಯಕರಿಂದ ಪೆಡಲ್ ತುಳಿಸಿ ಅದು ಎಲ್ಲಾದರೂ ಉಬ್ಬುತ್ತದೆಯೇ ಕೈಯಿಟ್ಟು ಪರೀಕ್ಷಿಸಿ. ಇತ್ತೀಚಿನ ಅನೇಕ ಕಾರುಗಳಲ್ಲಿ ಸ್ಲೇವ್ ಸಿಲಿಂಡರ್ ಗೇರ್ ಬಾಕ್ಸಿನ ಗೂಡಿನೊಳಗೆ, ಶಾಫ್ಟಿನ ಸುತ್ತಲೇ ಉಂಗುರದಂತೆ ಕುಳಿತಿರುತ್ತದೆ. ಅದು ಸೋರಿದರೆ ಎಂಜಿನ್ನೂ ಗೇರ್ ಬಾಕ್ಸೂ ಕೂಡುವ ಕಡೆ, ಗೂಡಿನ ತಳದಿಂದ ಹನಿ ಬೀಳುತ್ತದೆ. ಆ ಸ್ಥಿತಿಯಲ್ಲಿ ಗೇರ್ ಬಾಕ್ಸನ್ನೇ ಇಳಿಸಬೇಕಾಗುವುದರಿಂದ ಮನೆಯಲ್ಲಿ ಗಾಳಿ ತೆಗೆಯುತ್ತ ಕೂರುವುದು ವ್ಯರ್ಥ ಶ್ರಮ.

ದ್ರವದ ಆಯ್ಕೆ

ಪುಣೆಯ ನಾನಾ ಪೇಠೆಯ ಬಿಡಿಭಾಗಗಳ ಅಂಗಡಿಯಲ್ಲಿ ‘ಬ್ರೇಕ್ ಆಯಿಲ್’ ಎಂದು ಕೇಳಿದರೆ ಬೇಕಾದದ್ದು ಸಿಗುತ್ತದೆ. ಕ್ಲಚ್ಚಿಗೂ ಅದೇ ದ್ರವ. ಆದರೆ ಆ ಹೆಸರು ದಾರಿ ತಪ್ಪಿಸುವಂಥದು. ಅದು ಎಣ್ಣೆಯೇ ಅಲ್ಲ, ಗ್ಲೈಕಾಲ್ ಈಥರ್ ಆಧಾರಿತ ರಾಸಾಯನಿಕ ದ್ರವ. ಎಂಜಿನ್ ಆಯಿಲ್, ಪವರ್ ಸ್ಟಿಯರಿಂಗ್ ಆಯಿಲ್, ಗ್ರೀಸ್, ಪೆಟ್ರೋಲ್ ಇವುಗಳಲ್ಲಿ ಯಾವುದರ ಒಂದಿಷ್ಟು ಅಂಶ ಒಳಗೆ ಹೋದರೂ ರಬ್ಬರುಗಳು ಊದಿಕೊಂಡು ಕೆಟ್ಟುಹೋಗುತ್ತವೆ. ಅದಕ್ಕೆ ತಿರುಗಾಗಿ ಕೆಲವು ಮೋಟಾರ್ ಸೈಕಲ್ಲುಗಳ ಹೈಡ್ರಾಲಿಕ್ ಕ್ಲಚ್ಚಿನಲ್ಲಿ ನಿಜವಾಗಿಯೂ ಖನಿಜ ತೈಲವೇ ಇರುತ್ತದೆ, ಅಲ್ಲಿ ಬ್ರೇಕ್ ದ್ರವ ಹಾಕಬಾರದು. ಮುಚ್ಚಳದ ಮೇಲಿನ ಬರಹವನ್ನೂ ಗಾಡಿಯ ಕೈಪಿಡಿಯನ್ನೂ ಓದಿ ಅದರಂತೆಯೇ ನಡೆಯಿರಿ.

ಬ್ರೇಕ್ ದ್ರವದ ದರ್ಜೆಗಳಲ್ಲಿ ಡಾಟ್ 3, ಡಾಟ್ 4, ಡಾಟ್ 5.1 ಇವು ಮೂರೂ ಗ್ಲೈಕಾಲ್ ಕುಟುಂಬದವು. ಡಾಟ್ 5 ಸಿಲಿಕೋನ್ ಜಾತಿಯದು, ಹೆಸರು 5.1ಕ್ಕೆ ಹತ್ತಿರವಿದ್ದರೂ ಅದನ್ನು ಇವುಗಳೊಂದಿಗೆ ಬೆರೆಸಲೇಬಾರದು. ಹೊಸ ದ್ರವದ ಕುದಿಬಿಂದು ಡಾಟ್ 3ರಲ್ಲಿ ಕನಿಷ್ಠ 205 ಡಿಗ್ರಿ, ಡಾಟ್ 4ರಲ್ಲಿ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ನಿಯಮ. ಸುಮಾರು 3.7 ಪ್ರತಿಶತ ನೀರು ಸೇರಿದ ಮೇಲೆ ಈ ಕನಿಷ್ಠ ಮಿತಿ 140 ಮತ್ತು 155 ಡಿಗ್ರಿಗಳಿಗೆ ಇಳಿಯುತ್ತದೆ. ನೀರನ್ನು ಗಾಳಿಯಿಂದಲೇ ಹೀರಿಕೊಳ್ಳುವುದು ಈ ದ್ರವದ ಗುಣ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೂ ಬೆವರುವ ನಮ್ಮ ಪುಣೆ, ಮುಂಬಯಿ, ಗೋವೆಗಳ ಮಳೆಗಾಲದಲ್ಲಿ ಕಪಾಟಿನಲ್ಲಿ ಅರ್ಧ ಉಳಿದ ಹಳೆಯ ಬಾಟಲಿಯನ್ನು ಬಳಸುವುದು ಸರಿಯಲ್ಲ. ಚಿಕ್ಕ ಬಾಟಲಿ ಕೊಂಡು, ಕೆಲಸದ ದಿನವೇ ಮುಚ್ಚಳ ಒಡೆಯಿರಿ. ಪೈಪು, ಸಿಲಿಂಡರುಗಳಲ್ಲಿ ಇರುವ ದ್ರವವೇ ಕಡಿಮೆಯಾದ್ದರಿಂದ ಗಾಳಿ ತೆಗೆದು ಹಳೆಯದನ್ನು ತೊಳೆದುಹಾಕಲು 250 ಮಿ.ಲೀ. ಸಾಮಾನ್ಯವಾಗಿ ಸಾಕು, ಮೊದಲ ಸಲ ಮಾಡುವವರು 500 ಮಿ.ಲೀ. ಇಟ್ಟುಕೊಂಡರೆ ಮಧ್ಯದಲ್ಲಿ ಅಂಗಡಿಗೆ ಓಡುವುದು ತಪ್ಪುತ್ತದೆ.

ಇದಲ್ಲದೆ ಬೇಕಾಗುವುದು ನಿಪ್ಪಲ್ಲಿಗೆ ಸರಿಯಾಗಿ ಕೂರುವ ರಿಂಗ್ ಪಾನಾ (ಅಳತೆ 8, 10 ಅಥವಾ 11 ಮಿ.ಮೀ. ಇರುವುದೇ ಹೆಚ್ಚು), ನಿಪ್ಪಲ್ಲಿನ ಮೇಲೆ ಬಿಗಿಯಾಗಿ ಕೂರುವ ಒಂದು ಮೀಟರ್ ಪಾರದರ್ಶಕ ಕೊಳವೆ, ಪಾರದರ್ಶಕ ಬಾಟಲಿ, ಔಷಧದ ಅಂಗಡಿಯಲ್ಲಿ ಸಿಗುವ 50 ಮಿ.ಲೀ. ಸಿರಿಂಜು, ಕೈಗವಸು, ಕನ್ನಡಕ, ಹಳೆಯ ಬಟ್ಟೆ ಹಾಗೂ ಒಂದು ಬಕೆಟ್ ನೀರು. ನೀರು ಕಡ್ಡಾಯ. ಈ ದ್ರವ ಗಾಡಿಯ ಬಣ್ಣವನ್ನು ಸುಲಿದುಬಿಡುತ್ತದೆ. ಬಿದ್ದ ತಕ್ಷಣ ಧಾರಾಳವಾಗಿ ನೀರು ಸುರಿದರೆ ಮಾತ್ರ ಉಳಿಗಾಲ. ಕಣ್ಣಿಗೆ ಸಿಡಿದರೂ ಮೊದಲ ಉಪಚಾರ ಬಹಳ ಹೊತ್ತು ನೀರಿನಿಂದ ತೊಳೆಯುವುದೇ, ಅನಂತರ ವೈದ್ಯರು.

ಸಿದ್ಧತೆ

ಗಾಡಿಯನ್ನು ಸಮತಟ್ಟು ನೆಲದ ಮೇಲೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಡಿ. ಎಂಜಿನ್ ಪೂರ್ತಿ ತಣಿದಿರಲಿ. ಹಲವು ಕಾರುಗಳಲ್ಲಿ ಏರ್ ಫಿಲ್ಟರಿನ ಡಬ್ಬ ಅಥವಾ ಬ್ಯಾಟರಿ ತೆಗೆದರೆ ಮೇಲಿನಿಂದಲೇ ನಿಪ್ಪಲ್ ಕೈಗೆ ಸಿಗುತ್ತದೆ. ಕೆಳಗೆ ನುಗ್ಗುವ ಮುನ್ನ ಆ ದಾರಿಯನ್ನು ನೋಡಿ. ಅಡಿಯಲ್ಲಿ ಮಲಗಲೇಬೇಕಾದರೆ ಜಾಕಿನ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ಎಂದಿಗೂ ಹೋಗಬೇಡಿ. ಎರಡೂ ಬದಿಗೆ ಗಟ್ಟಿಯಾದ ಸ್ಟ್ಯಾಂಡುಗಳನ್ನು ಕೊಟ್ಟು, ಗಾಡಿಯನ್ನು ಕೈಯಿಂದ ಅಲುಗಿಸಿ ನೋಡಿದ ಮೇಲೆಯೇ ಒಳಗೆ ಸರಿಯಿರಿ.

ಆಯಿಲ್ ಡಬ್ಬಿಯ ಮುಚ್ಚಳ ತೆರೆಯುವ ಮುನ್ನ ಸುತ್ತಲಿನ ಧೂಳನ್ನು ಒರೆಸಿ. ಇಲ್ಲೊಂದು ಸೂಕ್ಷ್ಮವಿದೆ. ಅನೇಕ ಗಾಡಿಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ, ಅದರಲ್ಲಿ ಕ್ಲಚ್ಚಿಗೆ ಹೋಗುವ ನಳಿಕೆ ಸ್ವಲ್ಪ ಎತ್ತರದಲ್ಲಿರುತ್ತದೆ. ಕ್ಲಚ್ ಸೋರಿ ಬರಿದಾದರೂ ಬ್ರೇಕಿಗೆ ದ್ರವ ಉಳಿಯಲಿ ಎಂಬುದು ಆ ಜೋಡಣೆಯ ಉದ್ದೇಶ. ಆದ್ದರಿಂದ ಡಬ್ಬಿಯಲ್ಲಿ ಇನ್ನೂ ದ್ರವ ಕಾಣುತ್ತಿರುವಾಗಲೇ ಕ್ಲಚ್ಚಿನ ನಳಿಕೆ ಗಾಳಿಯನ್ನು ಎಳೆದುಕೊಳ್ಳತೊಡಗಬಹುದು, ಒಂದು ಗಂಟೆಯ ಶ್ರಮ ಒಂದು ತುಳಿತದಲ್ಲಿ ಹಾಳಾಗಬಹುದು. ಕೆಲಸ ಮುಗಿಯುವ ತನಕ ಮಟ್ಟವನ್ನು ಗರಿಷ್ಠ ಗೆರೆಯ ಹತ್ತಿರವೇ ಇಟ್ಟುಕೊಳ್ಳಿ. ಡಬ್ಬಿ ಬ್ರೇಕಿನದೂ ಆಗಿರುವುದರಿಂದ ಅದು ಬರಿದಾದರೆ ಬ್ರೇಕಿನೊಳಗೂ ಗಾಳಿ ಹೋಗುತ್ತದೆ. ಅದು ಜೀವದ ಪ್ರಶ್ನೆ.

ನಿಪ್ಪಲ್ ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಎಣ್ಣೆಯನ್ನು ಹೊರಗಿನಿಂದ ಹಾಕಿಟ್ಟು, ಬೆಳಿಗ್ಗೆ ಚೆನ್ನಾಗಿ ಒರೆಸಿ ತೆಗೆಯಿರಿ. ಒಳಗೆ ಪೊಳ್ಳಾಗಿರುವ ಈ ಚಿಕ್ಕ ತಿರುಪು ಸುಲಭವಾಗಿ ಮುರಿಯುತ್ತದೆ. ಓಪನ್ ಪಾನಾದಿಂದ ಮೂಲೆಗಳನ್ನು ಸವೆಸದೆ ರಿಂಗ್ ಪಾನಾವನ್ನೇ ಬಳಸಿ, ಒಂದಿಷ್ಟು ಬಿಗಿ ಮಾಡುವ ದಿಕ್ಕಿಗೆ ಮಿಡಿದು ಅನಂತರ ಸಡಿಲಿಸಿ.

ಇಬ್ಬರು ಸೇರಿ ಗಾಳಿ ತೆಗೆಯುವುದು

ರಿಂಗ್ ಪಾನಾವನ್ನು ಮೊದಲು ನಿಪ್ಪಲ್ಲಿಗೆ ಹಾಕಿ, ಅದರ ಮೇಲೆ ಕೊಳವೆಯನ್ನು ತೂರಿಸಿ. ಕೊಳವೆ ನಿಪ್ಪಲ್ಲಿನಿಂದ ಒಂದು ಗೇಣು ಮೇಲಕ್ಕೇರಿ ಬಳಿಕ ಬಾಟಲಿಗೆ ಇಳಿಯುವಂತೆ ಕಟ್ಟಿ. ಹೊರಬಂದ ಗುಳ್ಳೆ ಆ ಏರಿನಲ್ಲಿ ನಿಪ್ಪಲ್ಲಿನಿಂದ ದೂರ ಸರಿಯುತ್ತದೆ, ತಿರುಗಿ ಒಳಗೆ ಬರುವುದಿಲ್ಲ. ಬಾಟಲಿಯಲ್ಲಿ ಎರಡು ಬೆರಳಷ್ಟು ಹೊಸ ದ್ರವ ಹಾಕಿ ಕೊಳವೆಯ ತುದಿಯನ್ನು ಅದರಲ್ಲಿ ಮುಳುಗಿಸಿ.

ಪೆಡಲಿನ ಮೇಲೆ ಕೂರುವವರೊಂದಿಗೆ ಮೂರು ಮಾತುಗಳನ್ನು ಮೊದಲೇ ಒಪ್ಪಿಕೊಳ್ಳಿ. ನಮ್ಮ ಮನೆಯಲ್ಲಿ ‘ಒತ್ತು, ಹಿಡಿ, ಬಿಡು’ ಎನ್ನುತ್ತೇವೆ. ನೆರೆಯ ಮರಾಠಿ ಗೆಳೆಯರು ಕೂತಾಗ ‘ದಾಬ್, ಧರ್, ಸೋಡ್’. ಯಾವ ಭಾಷೆಯಾದರೂ ಸರಿ, ಕೇಳಿದ ಮಾತನ್ನು ಅವರು ತಿರುಗಿ ಹೇಳಿದ ಮೇಲೆಯೇ ನೀವು ಪಾನಾ ತಿರುಗಿಸಬೇಕು. ಎಂಜಿನ್ನಿನ ಕೆಳಗಿಂದ ಕೂಗಿದ ಮಾತು ಒಳಗೆ ಕೂತವರಿಗೆ ಅರೆಬರೆಯಾಗಿ ಕೇಳಿ, ನಿಪ್ಪಲ್ ತೆರೆದಿರುವಾಗಲೇ ಅವರು ಪಾದ ಎತ್ತಿಬಿಡುವುದೇ ಈ ಕೆಲಸದಲ್ಲಿ ಅತ್ಯಂತ ಸಾಮಾನ್ಯವಾಗಿ ಆಗುವ ತಪ್ಪು.

‘ಒತ್ತು’ ಎಂದಾಗ ಸಹಾಯಕರು ಪೆಡಲ್ ಮೇಲೆ ಒಂದೇ ಸಮನೆ ಒತ್ತಡ ಹಾಕಲಿ. ನೀವು ನಿಪ್ಪಲನ್ನು ಅರ್ಧ ಸುತ್ತು ತೆರೆಯಿರಿ. ಪೆಡಲ್ ಒಂದು ಅಥವಾ ಎರಡು ಸೆಕೆಂಡುಗಳಲ್ಲಿ, ತಡೆಯಿಲ್ಲದ ಒಂದೇ ಚಲನೆಯಲ್ಲಿ ನೆಲ ಮುಟ್ಟುತ್ತದೆ. ‘ಹಿಡಿ’ ಎಂದಾಗ ಪಾದ ಅಲ್ಲಿಯೇ ನಿಲ್ಲಲಿ, ನೀವು ನಿಪ್ಪಲ್ ಮುಚ್ಚಿ. ಮುಚ್ಚಿದ ಮೇಲೆಯೇ ‘ಬಿಡು’. ಆಗ ಪೆಡಲನ್ನು ನಿಧಾನವಾಗಿ, ಮೂರು ಎಣಿಸುವಷ್ಟು ಹೊತ್ತಿನಲ್ಲಿ ಮೇಲಕ್ಕೆ ಬಿಡಬೇಕು. ಒಳಗೆ ಬಹಳ ಗಾಳಿಯಿದ್ದರೆ ಪೆಡಲ್ ತಾನಾಗಿ ಏಳುವುದಿಲ್ಲ, ಪಾದದ ಬೆನ್ನಿನಿಂದಲೋ ಕೈಯಿಂದಲೋ ಎತ್ತಬೇಕಾಗುತ್ತದೆ. ಮೇಲೆ ಬಂದ ಮೇಲೆ ಐದು ಸೆಕೆಂಡು ಸುಮ್ಮನಿದ್ದು, ಮಾಸ್ಟರ್ ಸಿಲಿಂಡರು ಡಬ್ಬಿಯಿಂದ ದ್ರವ ತುಂಬಿಕೊಳ್ಳಲು ಬಿಟ್ಟು, ಮತ್ತೆ ಮೊದಲಿನಿಂದ ಆರಂಭಿಸಿ.

ತುಳಿಯುವ ವೇಗದ ವಿಷಯದಲ್ಲಿ ಒಬ್ಬೊಬ್ಬರು ಒಂದೊಂದು ಹೇಳುವುದರಿಂದ ಕಾರಣವನ್ನು ವಿವರಿಸುತ್ತೇನೆ. ಲೋಹದ ಕೊಳವೆಯ ಒಳವ್ಯಾಸ 3.4 ಮಿ.ಮೀ. ಎಂದುಕೊಂಡರೆ, ಮೇಲೆ ಹೇಳಿದ 8.5 ಮಿ.ಲೀ. ದ್ರವ ಒಂದು ತುಳಿತದಲ್ಲಿ ಆ ಕೊಳವೆಯೊಳಗೆ ಸುಮಾರು 90 ಸೆಂ.ಮೀ. ದೂರ ಸಾಗುತ್ತದೆ. ಇದು ಒಂದೆರಡು ಸೆಕೆಂಡುಗಳಲ್ಲಿ ಆದಾಗ ಹರಿವು ಗುಳ್ಳೆಯನ್ನು ಬಿಡದೆ ತನ್ನೊಂದಿಗೆ ಕೆಳಕ್ಕೆ ಎಳೆದೊಯ್ಯುತ್ತದೆ. ಅತಿ ನಿಧಾನವಾಗಿ ತುಳಿದರೆ ದ್ರವ ಮಾತ್ರ ಪಕ್ಕದಿಂದ ಜಾರಿಹೋಗಿ, ಗುಳ್ಳೆ ಕೊಳವೆಯ ಎತ್ತರದ ಬಾಗಿನಲ್ಲಿ ಹಾಗೆಯೇ ಕುಳಿತಿರುತ್ತದೆ. ಅದೇ ನಿಪ್ಪಲ್ ಮುಚ್ಚಿಟ್ಟು ಇಪ್ಪತ್ತು ಸಲ ಪಟಪಟನೆ ತುಳಿದರೆ ಒಂದು ದೊಡ್ಡ ಗುಳ್ಳೆ ನೂರು ಪುಟ್ಟ ಗುಳ್ಳೆಗಳಾಗಿ ಒಡೆದು ದ್ರವವೆಲ್ಲ ನೊರೆಯಾಗುತ್ತದೆ. ಹಾಗಾದರೆ ಒಂದು ಗಂಟೆ ಕೈಬಿಟ್ಟು ಕೂರುವುದೇ ಲೇಸು. ಒತ್ತುವುದು ದೃಢವಾಗಿ, ಬಿಡುವುದು ಮೆಲ್ಲಗೆ. ಬ್ರೇಕಿನಲ್ಲಿ ಪೆಡಲನ್ನು ನೆಲದವರೆಗೆ ತುಳಿದರೆ ಹಳೆಯ ಸಿಲಿಂಡರಿನ ಬಳಕೆಯಾಗದ, ತುಕ್ಕು ಹಿಡಿದ ಭಾಗಕ್ಕೆ ರಬ್ಬರು ಉಜ್ಜಿ ಹರಿಯುವ ಭಯವಿದೆ. ಕ್ಲಚ್ ಪೆಡಲನ್ನು ನಾವು ದಿನವೂ ಪೂರ್ತಿ ತುಳಿಯುವುದರಿಂದ ಇಲ್ಲಿ ಆ ಭಯ ಇಲ್ಲವೆನ್ನುವಷ್ಟು ಕಡಿಮೆ.

ಪ್ರತಿ ಐದು ತುಳಿತಗಳಿಗೊಮ್ಮೆ ಎದ್ದು ಡಬ್ಬಿಯ ಮಟ್ಟ ನೋಡಿ. ಮೊದಮೊದಲು ದೊಡ್ಡ ಗುಳ್ಳೆಗಳು, ಆಮೇಲೆ ಕಪ್ಪಾದ ಹಳೆಯ ದ್ರವ, ಕೊನೆಗೆ ಜೇನಿನ ತಿಳಿಬಣ್ಣದ ಹೊಸ ದ್ರವ ಬರುತ್ತದೆ. ಹೊಸ ಬಣ್ಣ ಕಂಡ ಮೇಲೂ ಸತತ ಐದು ತುಳಿತಗಳಲ್ಲಿ ಸಾಸಿವೆಯಷ್ಟು ಗುಳ್ಳೆಯೂ ಕಾಣದ ತನಕ ನಿಲ್ಲಿಸಬೇಡಿ. ನಿಪ್ಪಲನ್ನು ಕೊನೆಯದಾಗಿ ಬಿಗಿಯುವಾಗ ಕೈಪಿಡಿಯಲ್ಲಿ ಹೇಳಿದ ಬಿಗಿತವೇ ಇರಲಿ. ಮುಂಗೈಯ ಬಲ ಸಾಕು, ತೋಳಿನ ಬಲ ಬೇಡ. ಧೂಳಿನ ಟೋಪಿಯನ್ನು ಹಾಕಲು ಮರೆಯಬೇಡಿ.

ಕೆಳಗಿನಿಂದ ಮೇಲಕ್ಕೆ

ಮಾಸ್ಟರ್ ಸಿಲಿಂಡರನ್ನೋ ಸ್ಲೇವ್ ಸಿಲಿಂಡರನ್ನೋ ಬದಲಿಸಿದ ಮೇಲೆ ಪೈಪು ಪೂರ್ತಿ ಬರಿದಾಗಿರುತ್ತದೆ. ಆಗ ಪೆಡಲ್ ತುಳಿದು ಗಾಳಿ ತೆಗೆಯುವುದು ದೀರ್ಘ ಹೋರಾಟ. ಗಾಳಿ ಮೇಲಕ್ಕೇ ಹೋಗಬಯಸುವುದಾದರೆ ಅದನ್ನು ಮೇಲಕ್ಕೇ ಕಳಿಸುವುದು ಸಹಜವಾದ ದಾರಿ. ಸಿರಿಂಜಿನಿಂದ ನಿಪ್ಪಲ್ಲಿನ ಮೂಲಕ ಹೊಸ ದ್ರವವನ್ನು ಒಳಗೆ ತಳ್ಳಿ ಗುಳ್ಳೆಗಳನ್ನು ಡಬ್ಬಿಯಲ್ಲಿ ಹೊರಬರುವಂತೆ ಮಾಡುವುದು. ಒಬ್ಬರೇ ಇದ್ದಾಗಲೂ ಮಾಡಬಹುದಾದ ಈ ವಿಧಾನವನ್ನೇ ನಾನು ಹೆಚ್ಚು ಮೆಚ್ಚುತ್ತೇನೆ.

ಹಳೆಯ ದ್ರವ ಕಪ್ಪಾಗಿದ್ದರೆ ಮೊದಲು ಮೇಲಿನ ವಿಧಾನದಿಂದ ಅದನ್ನು ಹೊರಹಾಕಬೇಕು, ಇಲ್ಲವಾದರೆ ಕೆಳಗೆ ಕುಳಿತ ಕೊಳೆಯನ್ನು ಮಾಸ್ಟರ್ ಸಿಲಿಂಡರಿನೊಳಕ್ಕೂ ಬ್ರೇಕಿನ ಡಬ್ಬಿಗೂ ನಾವೇ ತಳ್ಳಿದಂತಾಗುತ್ತದೆ. ಅನಂತರ ಡಬ್ಬಿಯಿಂದ ದ್ರವ ಹೀರಿ ಮಟ್ಟವನ್ನು ಕನಿಷ್ಠ ಗೆರೆಗಿಂತ ತುಸು ಮೇಲಕ್ಕೆ ತನ್ನಿ. ಕೆಳಗಿನಿಂದ ಬರುವ ದ್ರವಕ್ಕೆ ಜಾಗ ಬೇಕು. ಸಿರಿಂಜಿಗೂ ಕೊಳವೆಗೂ ದ್ರವ ತುಂಬಿ, ತುದಿಯನ್ನು ಮೇಲಕ್ಕೆ ಹಿಡಿದು, ಒಂದು ಹನಿ ಹೊರಬರುವ ತನಕ ಒತ್ತಿ ಒಳಗಿನ ಗಾಳಿಯನ್ನು ತೆಗೆಯಿರಿ. ಕೊಳವೆಯನ್ನು ನಿಪ್ಪಲ್ಲಿಗೆ ಜೋಡಿಸಿ, ಅರ್ಧದಿಂದ ಮುಕ್ಕಾಲು ಸುತ್ತು ತೆರೆದು, ಮೆಲ್ಲನೆ ತಳ್ಳಿ. ಪೆಡಲ್ ಪೂರ್ತಿ ಮೇಲಿರಬೇಕು. ಆಗ ಮಾತ್ರ ಮಾಸ್ಟರ್ ಸಿಲಿಂಡರಿನಿಂದ ಡಬ್ಬಿಗೆ ಹೋಗುವ ಪುಟ್ಟ ರಂಧ್ರ ತೆರೆದಿರುತ್ತದೆ. ಡಬ್ಬಿಯಲ್ಲಿ ಗುಳ್ಳೆಗಳು ಒಂದೊಂದಾಗಿ ಎದ್ದು ಒಡೆಯುವುದನ್ನು ಕಣ್ಣಾರೆ ನೋಡಬಹುದು. ಸಿರಿಂಜು ಪೂರ್ತಿ ಬರಿದಾಗುವ ಮುನ್ನವೇ ನಿಪ್ಪಲ್ ಮುಚ್ಚಿ, ಮತ್ತೆ ತುಂಬಿಕೊಳ್ಳಿ. ಡಬ್ಬಿ ತುಂಬಿ ಉಕ್ಕಿದರೆ ಸುತ್ತಲಿನ ಬಣ್ಣಕ್ಕೆ ಅಪಾಯವಾದ್ದರಿಂದ ಸುತ್ತಲೂ ಒದ್ದೆ ಬಟ್ಟೆ ಹಾಸಿರಿ, ಹೆಚ್ಚಾದದ್ದನ್ನು ಆಗಾಗ ಹೀರಿ ತೆಗೆಯಿರಿ. ಒಟ್ಟು ನೂರು ಮಿ.ಲೀ. ತಳ್ಳಿದ ಮೇಲೂ ಗುಳ್ಳೆ ಬರುತ್ತಿದ್ದರೆ ಇನ್ನೊಂದು ಸಿರಿಂಜು. ಕೊನೆಗೆ ಡಬ್ಬಿಯ ಮಟ್ಟವನ್ನು ಗರಿಷ್ಠ ಗೆರೆಗೆ ತಂದುಕೊಂಡು ನಾಲ್ಕೈದು ಸಲ ಪೆಡಲಿನಿಂದಲೂ ಗಾಳಿ ತೆಗೆದರೆ ಸ್ಲೇವ್ ಸಿಲಿಂಡರಿನಲ್ಲಿ ಉಳಿದದ್ದೂ ಹೊರಬರುತ್ತದೆ.

ನಿರ್ವಾತ ಪಂಪಿನಿಂದ ಎಳೆಯುವ ಪದ್ಧತಿಯೂ ಇದೆ. ಅದರಲ್ಲಿ ನಿಪ್ಪಲ್ಲಿನ ತಿರುಪಿನ ಎಳೆಗಳ ಸುತ್ತ ಹೊರಗಿನ ಗಾಳಿ ನುಸುಳಿ ಕೊಳವೆಯಲ್ಲಿ ಗುಳ್ಳೆಗಳು ನಿಲ್ಲದೆ ಕಾಣುತ್ತವೆ, ಕೆಲಸ ಮುಗಿದಿದೆಯೋ ಇಲ್ಲವೋ ತಿಳಿಯುವುದಿಲ್ಲ. ನಿಪ್ಪಲ್ ತೆರೆದಿಟ್ಟು ದ್ರವ ತಾನಾಗಿ ಇಳಿಯಲು ಬಿಡುವ ಪದ್ಧತಿ ಹಳೆಯ ದ್ರವ ಬದಲಿಸಲು ಆಗುತ್ತದೆ, ಎತ್ತರದ ಬಾಗಿನಲ್ಲಿ ಕುಳಿತ ಗಾಳಿಗೆ ಆಗುವುದಿಲ್ಲ.

ಗಾಳಿ ಜಗ್ಗದಿದ್ದರೆ

ಎಷ್ಟು ತೆಗೆದರೂ ಪೆಡಲ್ ಗಟ್ಟಿಯಾಗದಿದ್ದಾಗ ನಾನು ಮೊದಲು ನೋಡುವುದು ಪೆಡಲಿಗೂ ಮಾಸ್ಟರ್ ಸಿಲಿಂಡರಿಗೂ ನಡುವಿನ ಕಡ್ಡಿಯನ್ನು. ಪೆಡಲ್ ಮೇಲಿದ್ದಾಗ ಆ ಕಡ್ಡಿಗೂ ಪಿಸ್ಟನ್ನಿಗೂ ಮಧ್ಯೆ ಕೂದಲೆಳೆಯಷ್ಟು ಸಡಿಲವಿರಬೇಕು. ಯಾರೋ ಪೆಡಲನ್ನು ‘ಮೇಲೆ ಮಾಡಿಕೊಡಲು’ ಕಡ್ಡಿಯನ್ನು ಉದ್ದ ಮಾಡಿ ಆ ಸಡಿಲವನ್ನು ತೆಗೆದಿದ್ದರೆ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರುವುದಿಲ್ಲ, ಡಬ್ಬಿಗೆ ಹೋಗುವ ರಂಧ್ರ ತೆರೆಯುವುದಿಲ್ಲ. ಆಗ ಗಾಳಿ ಮೇಲಕ್ಕೂ ಹೋಗಲಾರದು, ಹೊಸ ದ್ರವ ಒಳಗೂ ಬರಲಾರದು.

ಎರಡನೆಯದು ಸ್ಲೇವ್ ಸಿಲಿಂಡರ್ ಕುಳಿತಿರುವ ಓರೆ. ನಿಪ್ಪಲ್ ಸಿಲಿಂಡರಿನ ಅತ್ಯಂತ ಎತ್ತರದ ಜಾಗದಲ್ಲಿರದಿದ್ದರೆ ಅದರ ಮೇಲಿನ ಮೂಲೆಯಲ್ಲಿ ಗಾಳಿ ಉಳಿದೇ ಉಳಿಯುತ್ತದೆ. ಹೊರಗಡೆ ಇರುವ ಸಿಲಿಂಡರಾದರೆ ಪೈಪನ್ನು ಬಿಚ್ಚದೆ ಎರಡು ಬೋಲ್ಟು ತೆಗೆದು, ನಿಪ್ಪಲ್ ಮೇಲಕ್ಕೆ ಬರುವಂತೆ ತಿರುಗಿಸಿ, ಕಡ್ಡಿಯನ್ನು ಕೈಯಿಂದ ಪೂರ್ತಿ ಒಳಕ್ಕೆ ಒತ್ತಿಹಿಡಿಯಿರಿ. ಒಳಗಿನ ಜಾಗ ಕಿರಿದಾದಷ್ಟೂ ಗಾಳಿಗೆ ಅಡಗಲು ಎಡೆಯಿರುವುದಿಲ್ಲ. ಹಾಗೆಯೇ ಹಿಡಿದುಕೊಂಡು ಸಿರಿಂಜಿನಿಂದ ತಳ್ಳುವುದು ಒಳ್ಳೆಯದು. ಸಿಲಿಂಡರ್ ಬಿಚ್ಚಿರುವಾಗ ಯಾರೂ ಪೆಡಲ್ ಮುಟ್ಟಬಾರದು. ತಡೆಯಿಲ್ಲದ ಪಿಸ್ಟನ್ ಹೊರಗೆ ಹಾರಿ ದ್ರವವೆಲ್ಲ ಚೆಲ್ಲುತ್ತದೆ.

ಪೆಡಲನ್ನು ಕೋಲಿನಿಂದ ಒತ್ತಿಕಟ್ಟಿ ರಾತ್ರಿಯಿಡೀ ಬಿಡುವ ರೂಢಿ ಕೆಲವರಲ್ಲಿದೆ. ಪೆಡಲ್ ಒತ್ತಿರುವಾಗ ಮೇಲಿನ ರಂಧ್ರ ಮುಚ್ಚಿರುವುದರಿಂದ ಗಾಳಿಗೆ ಹೋಗಲು ದಾರಿಯೇ ಇರುವುದಿಲ್ಲ. ನನಗೆ ಅದು ಒಪ್ಪಿಗೆಯಿಲ್ಲ. ಪೆಡಲನ್ನು ಮೇಲೆಯೇ ಬಿಟ್ಟು, ನಿಪ್ಪಲ್ ಮುಚ್ಚಿ, ರಾತ್ರಿ ಕಳೆದ ಮೇಲೆ ಬೆಳಿಗ್ಗೆ ಕೈಯಿಂದ ಪೆಡಲನ್ನು ಒಂದೆರಡು ಸೆಂಟಿಮೀಟರ್ ಮಾತ್ರ ಹತ್ತಿಪ್ಪತ್ತು ಸಲ ಮೆಲ್ಲಗೆ ಆಡಿಸಿ. ರಾತ್ರಿ ಮೇಲಕ್ಕೆ ಬಂದು ಮಾಸ್ಟರ್ ಸಿಲಿಂಡರಿನಲ್ಲಿ ನಿಂತ ಪುಟ್ಟ ಗುಳ್ಳೆಗಳು ಡಬ್ಬಿಯಲ್ಲಿ ಎದ್ದುಬರುತ್ತವೆ.

ಪರೀಕ್ಷೆ

ಗಾಡಿಯ ಮುಂದೆ ಹಿಂದೆ ಯಾರೂ ಇಲ್ಲದ ಜಾಗದಲ್ಲಿ, ಹ್ಯಾಂಡ್ ಬ್ರೇಕ್ ಎಳೆದು, ಬ್ರೇಕ್ ಪೆಡಲ್ ತುಳಿದು ಎಂಜಿನ್ ಚಾಲೂ ಮಾಡಿ. ಡಬ್ಬಿ ಎರಡಕ್ಕೂ ಒಂದೇ ಆಗಿದ್ದರೆ ಆ ಬ್ರೇಕ್ ಪೆಡಲು ಎಂದಿನಂತೆಯೇ ಗಟ್ಟಿಯಿದೆಯೇ ಎಂಬುದನ್ನು ಎಲ್ಲಕ್ಕಿಂತ ಮೊದಲು ಗಮನಿಸಿ. ಅನಂತರ ಕ್ಲಚ್ ಪೂರ್ತಿ ತುಳಿದು ಐದು ಸೆಕೆಂಡು ಕಾದು ರಿವರ್ಸ್ ಹಾಕಿ. ಅನೇಕ ಗೇರ್ ಬಾಕ್ಸುಗಳಲ್ಲಿ ರಿವರ್ಸಿಗೆ ಸಿಂಕ್ರೋಮೆಶ್, ಅಂದರೆ ಗೇರುಗಳ ವೇಗವನ್ನು ಹೊಂದಿಸುವ ಏರ್ಪಾಡು, ಇಲ್ಲದ ಕಾರಣ ಪ್ಲೇಟು ಒಂದಿಷ್ಟೇ ಉಜ್ಜುತ್ತಿದ್ದರೂ ಅದು ಕರಕರ ಎಂದು ದೂರು ಹೇಳುತ್ತದೆ, ಸದ್ದಿಲ್ಲದೆ ಬಿದ್ದರೆ ಕೆಲಸ ಸರಿಯಾಗಿದೆ. ಗೇರಿನಲ್ಲಿಯೇ, ಕ್ಲಚ್ ಒತ್ತಿಕೊಂಡೇ ಒಂದು ನಿಮಿಷ ಇರಿ. ಗಾಡಿ ತೆವಳಲು ಹವಣಿಸಬಾರದು. ಆಮೇಲೆ ಹತ್ತಿರದ ಖಾಲಿ ರಸ್ತೆಯಲ್ಲಿ ಒಂದೆರಡು ಕಿಲೋಮೀಟರ್ ಓಡಿಸಿ, ಎಲ್ಲ ಗೇರುಗಳನ್ನೂ ಹಾಕಿ ನೋಡಿ, ವಾಪಸು ಬಂದು ನಿಪ್ಪಲ್ಲಿನ ಸುತ್ತ ಒಣ ಕಾಗದ ಒತ್ತಿ ಒದ್ದೆಯಾಗುತ್ತದೆಯೇ ಪರೀಕ್ಷಿಸಿ.

ತೆಗೆದ ಹಳೆಯ ದ್ರವವನ್ನು ಚರಂಡಿಗೋ ಗಿಡದ ಬುಡಕ್ಕೋ ಸುರಿಯಬೇಡಿ. ಮಕ್ಕಳ ಕೈಗೆ ಸಿಗದಂತೆ ಮುಚ್ಚಿದ ಬಾಟಲಿಯಲ್ಲಿಟ್ಟು, ಹಳೆಯ ಎಂಜಿನ್ ಆಯಿಲ್ ಇದ್ದ ಡಬ್ಬಕ್ಕೆ ಬೆರೆಸದೆ, ಬಳಸಿದ ದ್ರವಗಳನ್ನು ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಡಬ್ಬಿಯ ಹೊರಮೈಯಲ್ಲಿ ಇಂದಿನ ಮಟ್ಟಕ್ಕೆ ಪೆನ್ನಿನಿಂದ ಒಂದು ಗೆರೆ ಎಳೆಯಿರಿ. ಒಂದು ವಾರ ಪ್ರತಿದಿನ ಬೆಳಿಗ್ಗೆ ಆ ಗೆರೆಯನ್ನು ನೋಡಿ, ವಾರದ ಕೊನೆಗೆ ಸ್ಲೇವ್ ಸಿಲಿಂಡರಿನ ಬೂಟನ್ನು ಇನ್ನೊಮ್ಮೆ ಎತ್ತಿ ಬೆರಳಾಡಿಸಿ. ಮಟ್ಟ ಇಳಿದಿದ್ದರೆ ಅಥವಾ ಬೆರಳಿಗೆ ಒದ್ದೆ ತಗಲಿದರೆ ಊರಿನ ಪ್ರಯಾಣವನ್ನು ಒಂದು ದಿನ ಮುಂದೂಡಿ, ಸಿಲಿಂಡರಿಗೆ ಹೊಸ ರಬ್ಬರುಗಳ ಕಿಟ್ ಹಾಕಿಸಿ ಅಥವಾ ಸಿಲಿಂಡರನ್ನೇ ಬದಲಿಸಿ, ಅನಂತರ ಮತ್ತೆ ಗಾಳಿ ತೆಗೆಯಿರಿ.